ಪ್ರಮಾಣವೂ ಪರಿಮಾಣವೂ: ಅಸ್ಥಿಸಾಂದ್ರತೆಯ ಅಳತೆಯ ವಿಮರ್ಶೆ

ಪ್ರಮಾಣವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಎರಡರ್ಥಗಳು ಪ್ರಸಿದ್ಧವಾಗಿವೆ. ಉದ್ದ, ತೂಕ, ಗಾತ್ರ ಮೊದಲಾದವುಗಳ ಅಳತೆಯೆಂಬುದು ಒಂದು. ಯಥಾರ್ಥಜ್ಞಾನಕ್ಕೆ ಸಾಧನವಾದುದೆಂಬುದು ಇನ್ನೊಂದು. ಮೊದಲನೆಯದನ್ನು ತಾರ್ಕಿಕರು ಪರಿಮಾಣವೆಂಬ ಹೆಸರಿನಿಂದ ಬೇರ್ಪಡಿಸಿ ಗುಣಗಳ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಎರಡನೆಯದಕ್ಕೆ ಮಾತ್ರ ಪ್ರಮಾಣವೆಂಬ ಹೆಸರನ್ನು ಉಳಿಸಿಕೊಂಡರು. ಲೋಕವ್ಯವಹಾರದಲ್ಲಿ ಈ ವಿಭಾಗವು ನಿಲ್ಲಲಿಲ್ಲ. ಆದಕಾರಣ ಅಳೆದದ್ದೆಲ್ಲವೂ ಸಿದ್ಧಪಟ್ಟುದೇ ಎಂಬ ಭ್ರಮೆ ಹುಟ್ಟುವುದಕ್ಕೆ ಅವಕಾಶವುಂಟು. ದೇಹದ ಒಳಭಾಗದ ಚಿತ್ರವನ್ನು ತೆಗೆದು, ಚಿತ್ರದಿಂದ ಒಂದು ಸಂಖ್ಯೆಯನ್ನು ಪಡೆದು, ಸಂಖ್ಯೆಯಿಂದ ರೋಗವನ್ನು ನಿರ್ಣಯಿಸುವ ಆಧುನಿಕ ವೈದ್ಯಪದ್ಧತಿಯಲ್ಲಿ ಈ ಭ್ರಮೆಗೆ ಎಷ್ಟು ಎಡೆಯಿದೆ, ಅದರ ಪರಿಹಾರವೇನು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ. ಇಂತಹ ಅಳತೆಗಳು ಅನೇಕವಿದ್ದರೂ, ಗುಣದೋಷಗಳೆರಡೂ ಬಹುಕಾಲದಿಂದ ಪರೀಕ್ಷಿತವಾಗಿರುವ ಅಸ್ಥಿಸಾಂದ್ರತೆಯ ಅಳತೆಯೊಂದನ್ನೇ ಉದಾಹರಣೆಯಾಗಿ ಆರಿಸಿಕೊಳ್ಳಲಾಗಿದೆ.

ಮೂಳೆಯು ಒಳಗೆ ಪೊಳ್ಳಾಗುತ್ತ ಬಂದು ಸಣ್ಣ ಪೆಟ್ಟಿಗೂ ಮುರಿಯುವ ಸ್ಥಿತಿಗೆ ಪಾಶ್ಚಾತ್ಯರು ಆಸ್ಟಿಯೋಪೊರೋಸಿಸ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಮೂಲದಲ್ಲಿ ಅದರ ಅರ್ಥವು ಮೂಳೆ ರಂಧ್ರಮಯವಾಗುವುದು ಎಂದಷ್ಟೆ. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಮಜ್ಜಾಕ್ಷಯದ ಲಕ್ಷಣಗಳನ್ನು ಹೇಳುವಾಗ ಅಸ್ಥಿಗಳ ಸೌಷಿರ್ಯವನ್ನು ಎಣಿಸಿದ್ದಾನೆ. ಸುಷಿರವೆಂದರೆ ಟೊಳ್ಳು. ಎರಡು ಭಾಷೆಗಳ ವೈದ್ಯರು ಒಂದೇ ವಿಕಾರಕ್ಕೆ ಒಂದೇ ಬಗೆಯ ಹೆಸರನ್ನು ಕಂಡುಕೊಂಡುದು ಗಮನಾರ್ಹ. ಈ ಎರಡು ಹೆಸರುಗಳೂ ಮೂಳೆಯ ರಚನೆಯನ್ನು ಹೇಳುತ್ತವೆಯೇ ಹೊರತು ಅದರ ತೂಕವನ್ನು ಹೇಳುವುದಿಲ್ಲವೆಂಬುದನ್ನು ಮರೆಯಬಾರದು. ಮುಂದಿನ ವಿಚಾರಕ್ಕೆ ಇದು ಉಪಯೋಗಕ್ಕೆ ಬರುತ್ತದೆ.

೧೮೯೫ರಲ್ಲಿ ರಾಂಟ್‌ಜೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಜೀವಂತನಾದ ಮನುಷ್ಯನ ಮೂಳೆ ಕಣ್ಣಿಗೆ ಗೋಚರವಾಯಿತು. ಆದರೆ ಸಾಮಾನ್ಯವಾದ ಕ್ಷ-ಕಿರಣಚಿತ್ರದಲ್ಲಿ, ಮೂಳೆಯ ಖನಿಜಾಂಶವು ಸುಮಾರು ಮೂರರಲ್ಲೊಂದು ಪಾಲು ಸವೆದುಹೋಗುವವರೆಗೆ ಸವೆತವು ಸ್ಪಷ್ಟವಾಗಿ ಕಾಣುವುದಿಲ್ಲ. ಈ ಕೊರತೆಯನ್ನು ನೀಗಿಸಲು ಬಂದುದು, ೧೯೮೭ರಿಂದ ಬಳಕೆಗೆ ಬಂದ ಡೆಕ್ಸಾ ಯಂತ್ರ. ಇದರಲ್ಲಿ ಎರಡು ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ದೇಹದ ಮೂಲಕ ಹಾಯಿಸುತ್ತಾರೆ. ಮೂಳೆಯೂ ಮಾಂಸವೂ ಈ ಎರಡು ಕಿರಣಗಳನ್ನು ಬೇರೆ ಬೇರೆ ಅನುಪಾತದಲ್ಲಿ ಹೀರುವುದರಿಂದ, ಮಾಂಸದ ಪಾಲನ್ನು ಲೆಕ್ಕದಿಂದ ಕಳೆದು ಮೂಳೆಯ ಖನಿಜವನ್ನು ಮಾತ್ರ ಎಣಿಸಬಹುದು. ದೊರೆತ ಫಲವನ್ನು ಒಂದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಬರೆಯುತ್ತಾರೆ.

ಬರಿಯ ಗ್ರಾಂ ಲೆಕ್ಕವು ರೋಗವಿದೆ ಅಥವಾ ಇಲ್ಲ ಎಂದು ಹೇಳಲಾರದು. ಆದುದರಿಂದ ರೋಗಿಯ ಸಾಂದ್ರತೆಯನ್ನು ತರುಣ ವಯಸ್ಕರ ಸರಾಸರಿಯೊಡನೆ ಹೋಲಿಸಿ, ಎಷ್ಟು ಮಾನಕ ವಿಚಲನೆಗಳಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನು ಟಿ-ಅಂಕವೆಂಬ ಹೆಸರಿನಿಂದ ಸೂಚಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಮಂಡಲಿಯು ೧೯೯೪ರಲ್ಲಿ ಪ್ರಕಟಿಸಿದ ವರದಿಯಂತೆ, ಈ ಅಂಕವು ಋಣ ೨.೫ ಅಥವಾ ಅದಕ್ಕೂ ಕೆಳಗಿದ್ದರೆ ಅಸ್ಥಿಸೌಷಿರ್ಯ. ಋಣ ೧ಕ್ಕೂ ಋಣ ೨.೫ಕ್ಕೂ ನಡುವೆ ಇದ್ದರೆ ಅಸ್ಥಿಯ ಅಲ್ಪತೆ. ಅದಕ್ಕೆ ಮೇಲ್ಪಟ್ಟರೆ ಸ್ವಸ್ಥ. ಬೇರೆ ಬೇರೆ ಜನಸಮುದಾಯಗಳಲ್ಲಿ ರೋಗವು ಎಷ್ಟು ಹರಡಿದೆಯೆಂದು ತುಲನೆ ಮಾಡುವುದಕ್ಕಾಗಿ ಎಳೆದ ಈ ಗೆರೆಯು, ಕ್ರಮೇಣ ಒಬ್ಬೊಬ್ಬ ರೋಗಿಯ ರೋಗನಿರ್ಣಯದ ಗೆರೆಯಾಗಿ ಪರಿಣಮಿಸಿತು. ಪರಿಮಾಣವು ಪ್ರಮಾಣದ ಪೀಠವನ್ನೇರಿದುದು ಇಲ್ಲಿಯೇ.

ಇಲ್ಲಿ ಪೂರ್ವಪಕ್ಷವು ಹೀಗಿದೆ: ಸಂಖ್ಯೆಯು ವೈದ್ಯನ ರಾಗದ್ವೇಷಗಳಿಗೆ ಒಳಪಟ್ಟುದಲ್ಲ; ಯಾರು ಅಳೆದರೂ ಒಂದೇ; ಸಾಂದ್ರತೆ ಕಡಿಮೆಯಾದಂತೆ ಮೂಳೆ ಮುರಿಯುವ ಸಂಭವ ಹೆಚ್ಚುವುದೆಂಬುದು ಸಿದ್ಧಪಟ್ಟಿದೆ; ಆದಕಾರಣ ಸಂಖ್ಯೆಯೇ ನಿರ್ಣಾಯಕವು. ಈ ವಾದದಲ್ಲಿ ಸತ್ಯಾಂಶವಿಲ್ಲವೆನ್ನುವಂತಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೧೯೯೬ರಲ್ಲಿ ಪ್ರಕಟವಾದ ಒಂದು ವಿಮರ್ಶೆಯು, ಸೊಂಟದ ಸಾಂದ್ರತೆಯು ಒಂದು ಮಾನಕ ವಿಚಲನೆಯಷ್ಟು ಇಳಿದರೆ ಸೊಂಟದ ಮೂಳೆ ಮುರಿಯುವ ಸಂಭವವು ಸುಮಾರು ೨.೬ ಪಟ್ಟು ಆಗುವುದೆಂದು ತೋರಿಸಿತು. ಆದರೆ ಅದೇ ವಿಮರ್ಶೆಯು, ಸಾಂದ್ರತೆಯಿಂದ ಸಂಭವವನ್ನು ಹೇಳಬಹುದೇ ಹೊರತು ಇಂತಹ ವ್ಯಕ್ತಿಗೇ ಮೂಳೆ ಮುರಿಯುವುದೆಂದು ಗುರುತಿಸಲಾಗದೆಂದೂ ತೀರ್ಮಾನಿಸಿತು. ಪೂರ್ವಪಕ್ಷಿಗಳು ಮೊದಲನೆಯ ವಾಕ್ಯವನ್ನು ನೆನೆದು ಎರಡನೆಯದನ್ನು ಮರೆಯುತ್ತಾರೆ.

ತರ್ಕದ ರೀತಿಯಿಂದ ನೋಡಿದರೆ, ಸಾಂದ್ರತೆಯೆಂಬುದು ಹೇತು. ಮೂಳೆಯ ಬಲವು ಸಾಧ್ಯ. ಬಲವು ಚಿತ್ರದಲ್ಲಿ ಕಾಣುವುದಲ್ಲ, ಕಂಡುದರಿಂದ ಊಹಿಸತಕ್ಕದ್ದು. ಹೀಗಿರಲಾಗಿ ಹೇತುಸಾಧ್ಯಗಳಿಗೆ ವ್ಯಾಪ್ತಿಯುಂಟೇ ಎಂಬುದನ್ನು ಪರೀಕ್ಷಿಸಲೇಬೇಕು. ವ್ಯಭಿಚಾರವು ಎರಡು ಕಡೆಗಳಿಂದಲೂ ಕಾಣುತ್ತದೆ.

ಮೊದಲನೆಯದಾಗಿ, ಅಂಕವು ಗೆರೆಯ ಮೇಲಿದ್ದರೂ ಮೂಳೆ ಮುರಿಯುವುದು. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ೫೫ ವರ್ಷ ದಾಟಿದವರನ್ನು ಕುರಿತು ನಡೆದ ಅಧ್ಯಯನವು ೨೦೦೪ರಲ್ಲಿ ಪ್ರಕಟಪಡಿಸಿದಂತೆ, ಬೆನ್ನುಮೂಳೆಯನ್ನು ಬಿಟ್ಟು ಉಳಿದ ಮೂಳೆಗಳ ಮುರಿತಗಳಲ್ಲಿ, ಸ್ತ್ರೀಯರಲ್ಲಿ ನೂರಕ್ಕೆ ೪೪, ಪುರುಷರಲ್ಲಿ ನೂರಕ್ಕೆ ೨೧ ಮಾತ್ರ ಋಣ ೨.೫ಕ್ಕಿಂತ ಕೆಳಗಿನ ಅಂಕವುಳ್ಳವರಲ್ಲಿ ಸಂಭವಿಸಿದವು. ಅಂದರೆ ಸಂಖ್ಯೆಯು ರೋಗವಿಲ್ಲವೆಂದು ಹೇಳಿದವರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮುರಿತಗಳಾದವು. ಎರಡನೆಯ ಬಗೆಯ ಮಧುಮೇಹಿಗಳಲ್ಲಿಯೂ ಇದೇ ವೈಚಿತ್ರ್ಯ: ಅವರ ಸಾಂದ್ರತೆ ಹೆಚ್ಚಾಗಿಯೇ ಇರುತ್ತದೆ, ಮುರಿತಗಳೂ ಹೆಚ್ಚಾಗಿರುತ್ತವೆ.

ಎರಡನೆಯದಾಗಿ, ಸಂಖ್ಯೆ ಏರಿದರೂ ಬಲವು ಏರದಿರುವುದು. ೧೯೯೦ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗವು ಇದಕ್ಕೆ ಪ್ರಬಲವಾದ ದೃಷ್ಟಾಂತ. ಅಸ್ಥಿಸೌಷಿರ್ಯದಿಂದ ಬೆನ್ನುಮೂಳೆ ಮುರಿದಿದ್ದ, ಮುಟ್ಟು ನಿಂತ ೨೦೨ ಸ್ತ್ರೀಯರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ನಾಲ್ಕು ವರ್ಷಗಳ ಕಾಲ ಸೋಡಿಯಂ ಫ್ಲೋರೈಡನ್ನು ಕೊಟ್ಟರು. ಇನ್ನೊಂದಕ್ಕೆ ಔಷಧವಿಲ್ಲದ ಹುಸಿಗುಳಿಗೆ. ಸುಣ್ಣದಂಶವನ್ನು ಇಬ್ಬರಿಗೂ ಕೊಟ್ಟರು. ಫ್ಲೋರೈಡ್ ಸೇವಿಸಿದವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆಯು ನೂರಕ್ಕೆ ೩೫ರಷ್ಟು ಏರಿತು. ಬೇರೆ ಯಾವ ಔಷಧಕ್ಕಾದರೂ ಹೆಮ್ಮೆ ತರುವ ಸಂಖ್ಯೆಯಿದು. ಆದರೆ ಬೆನ್ನುಮೂಳೆಯ ಹೊಸ ಮುರಿತಗಳು ಔಷಧ ಸೇವಿಸಿದವರಲ್ಲಿ ೧೬೩, ಸೇವಿಸದವರಲ್ಲಿ ೧೩೬. ಈ ವ್ಯತ್ಯಾಸವು ಗಣನೀಯವಲ್ಲವೆಂದರೂ ಪ್ರಯೋಜನವಂತೂ ಇಲ್ಲ. ಉಳಿದ ಮೂಳೆಗಳ ಮುರಿತಗಳು ಸೇವಿಸಿದವರಲ್ಲಿ ೭೨, ಸೇವಿಸದವರಲ್ಲಿ ೨೪. ಚಿತ್ರದಲ್ಲಿ ಮೂಳೆ ತುಂಬಿತು, ದೇಹದಲ್ಲಿ ಮುರಿಯಿತು.

ಫ್ಲೋರೈಡಿನ ಈ ಸ್ವಭಾವವು ದಕ್ಷಿಣದೇಶದವರಿಗೆ ಅಪರಿಚಿತವಾದುದೇನೂ ಅಲ್ಲ. ಹಿಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಬಾವಿಯ ನೀರಿನ ಫ್ಲೋರೈಡಿನಿಂದ ಜನರ ಬೆನ್ನು ಸೆಟೆದು ಕೀಲುಗಳು ಬಿಗಿದುಹೋಗುವ ವ್ಯಾಧಿಯನ್ನು ೧೯೩೭ರಲ್ಲಿಯೇ ವೈದ್ಯರು ವರ್ಣಿಸಿದ್ದರು. ಅವರ ಮೂಳೆಗಳು ಕ್ಷ-ಕಿರಣಚಿತ್ರದಲ್ಲಿ ದಟ್ಟವಾಗಿ ಬೆಳ್ಳಗೆ ಕಾಣುತ್ತವೆ. ಕರ್ನಾಟಕದ ಕೋಲಾರ, ತುಮಕೂರು, ರಾಯಚೂರು ಮೊದಲಾದ ಜಿಲ್ಲೆಗಳ ಕೆಲವು ಭಾಗಗಳ ಅಂತರ್ಜಲದಲ್ಲಿಯೂ ಈ ದೋಷವುಂಟು. ಅಲ್ಲಿಯ ವ್ಯಾಧಿಗ್ರಸ್ತನೊಬ್ಬನನ್ನು ಸಾಂದ್ರತೆಯ ಸಂಖ್ಯೆಯಿಂದಲೇ ಅಳೆದರೆ ಆರೋಗ್ಯವಂತನಿಗಿಂತ ಅವನೇ ಮೇಲೆಂದು ಹೇಳಬೇಕಾಗಿ ಬಂದೀತು.

ಇದಕ್ಕೆ ಪ್ರತಿಯಾಗಿ ಅಲೆಂಡ್ರೊನೇಟ್ ಎಂಬ ಔಷಧದ ವೃತ್ತಾಂತವನ್ನು ನೋಡತಕ್ಕದ್ದು. ೧೯೯೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ವರ್ಷಗಳ ಕೊನೆಗೆ, ಅದನ್ನು ಸೇವಿಸಿದವರ ಬೆನ್ನುಮೂಳೆಯ ಸಾಂದ್ರತೆಯು ಸೇವಿಸದವರಿಗಿಂತ ನೂರಕ್ಕೆ ಸುಮಾರು ೬ರಷ್ಟು ಮಾತ್ರ ಹೆಚ್ಚಾಗಿತ್ತು. ಬೆನ್ನುಮೂಳೆಯ ಹೊಸ ಮುರಿತಕ್ಕೆ ಗುರಿಯಾದವರು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದರು. ೩೫ ಏರಿದಲ್ಲಿ ಫಲವಿಲ್ಲ, ೬ ಏರಿದಲ್ಲಿ ಮಹಾಫಲ. ಏರಿಕೆಯ ಪರಿಮಾಣವೇ ಫಲಕ್ಕೆ ಕಾರಣವಾಗಿದ್ದ ಪಕ್ಷದಲ್ಲಿ ಹೀಗಾಗುವುದು ಶಕ್ಯವಲ್ಲ.

ಹಾಗಾದರೆ ದೋಷವೆಲ್ಲಿದೆ? ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂಬ ವಾದಕ್ಕೆ ಕಾದ ಕಬ್ಬಿಣದ ಗುಂಡನ್ನು ತೋರಿಸಿ ತಾರ್ಕಿಕರು ಹೇಳುವ ಉತ್ತರವೇ ಇಲ್ಲಿಯೂ ಸಲ್ಲುತ್ತದೆ. ಅಲ್ಲಿ ಹಸಿಸೌದೆಯ ಸಂಬಂಧವೆಂಬ ಉಪಾಧಿಯುಂಟು. ಇಲ್ಲಿ ಮೂಳೆಯ ಸುರಚನೆಯೆಂಬುದು ಉಪಾಧಿ. ಬಲವಿದ್ದಲ್ಲೆಲ್ಲ ಸುರಚನೆಯಿದೆ, ಸಾಂದ್ರತೆಯಿದ್ದಲ್ಲೆಲ್ಲ ಸುರಚನೆಯಿಲ್ಲ. ಮೂಳೆಯ ಒಳಗಣ ಜಾಲದ ಹೆಣಿಗೆ, ಖನಿಜವು ನಾರಿನಲ್ಲಿ ಸೇರಿಕೊಂಡಿರುವ ಬಗೆ, ಹಳೆಯ ಮೂಳೆ ಸವೆದು ಹೊಸದು ಕಟ್ಟುವ ಕ್ರಮ — ಇವೆಲ್ಲ ಸರಿಯಾಗಿದ್ದರೆ ಮಾತ್ರ ಸಾಂದ್ರತೆಯು ಬಲವನ್ನು ಸೂಚಿಸುತ್ತದೆ. ಸೌಷಿರ್ಯವೆಂಬ ಹೆಸರು ರಚನೆಯನ್ನು ಹೇಳುತ್ತದೆಯೆಂದು ಮೊದಲು ಸೂಚಿಸಿದುದರ ತಾತ್ಪರ್ಯವಿದು. ಹೆಸರಿನಲ್ಲಿದ್ದ ರಚನೆಯು ಸಂಖ್ಯೆಯಲ್ಲಿ ಕಳೆದುಹೋಗಿದೆ.

ಹೇತುವಿನ ಸ್ವರೂಪದಲ್ಲಿಯೇ ಇರುವ ಇನ್ನೊಂದು ಕೊರತೆಯನ್ನೂ ಹೇಳಬೇಕಾಗಿದೆ. ಡೆಕ್ಸಾ ಚಿತ್ರವು ಮೂಳೆಯ ನೆರಳು. ನೆರಳಿಗೆ ಉದ್ದಗಲಗಳುಂಟು, ದಪ್ಪವಿಲ್ಲ. ಒಂದೇ ದ್ರವ್ಯದಿಂದ, ಒಂದೇ ದಟ್ಟಣೆಯಿಂದ ಮಾಡಿದ ಎರಡು ಘನಗಳಿದ್ದು, ಒಂದರ ಬದಿ ೨ ಸೆಂಟಿಮೀಟರು, ಇನ್ನೊಂದರದು ೩ ಸೆಂಟಿಮೀಟರು ಇದ್ದರೆ, ನೆರಳಿನ ಲೆಕ್ಕದಲ್ಲಿ ಎರಡನೆಯದು ಒಂದೂವರೆಪಟ್ಟು ಸಾಂದ್ರವೆಂದು ತೋರುತ್ತದೆ. ಆದುದರಿಂದ ಚಿಕ್ಕ ಮೈಕಟ್ಟಿನವರ ಮೂಳೆಯು ದುರ್ಬಲವಲ್ಲದಿದ್ದರೂ ದುರ್ಬಲವೆಂದು ಎಣಿಕೆಯಾಗಬಹುದು. ಮುದುಕರ ಬೆನ್ನುಮೂಳೆಯ ಅಂಚಿನಲ್ಲಿ ಬೆಳೆದ ಮುಳ್ಳುಗಳೂ, ಮಹಾಧಮನಿಯಲ್ಲಿ ಕಟ್ಟಿದ ಸುಣ್ಣವೂ ಸಾಂದ್ರತೆಯ ಲೆಕ್ಕಕ್ಕೆ ಸೇರಿಹೋಗುತ್ತವೆ. ಕುಸಿದು ಚಪ್ಪಟೆಯಾದ ಬೆನ್ನೆಲುಬಿನ ಖನಿಜವು ಕಿರಿದಾದ ಜಾಗದಲ್ಲಿ ಒತ್ತಿಕೊಂಡಿರುವುದರಿಂದ, ಮುರಿದ ಮೂಳೆಯೇ ಹೆಚ್ಚು ಸಾಂದ್ರವೆಂದು ಕಾಣುವುದೂ ಉಂಟು. ವಿವೇಕಿಗಳಾದ ಪರೀಕ್ಷಕರು ಅಂತಹ ಎಲುಬನ್ನು ಲೆಕ್ಕದಿಂದ ಬಿಡುತ್ತಾರೆ. ಆ ವಿವೇಕವು ಯಂತ್ರದಲ್ಲಿಲ್ಲ, ಚಿತ್ರವನ್ನು ನೋಡುವವನಲ್ಲಿದೆ.

ಅಳೆಯುವ ಕೋಲನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆಯೂ ಸಣ್ಣದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯ ದಶವಿಧಪರೀಕ್ಷೆಯನ್ನು ಹೇಳುವಾಗ ಪ್ರಮಾಣಪರೀಕ್ಷೆಯೂ ಬಂದಿದೆ. ಅಲ್ಲಿ ಶರೀರದ ಅವಯವಗಳನ್ನು ಆಯಾ ಪುರುಷನ ಸ್ವಂತ ಅಂಗುಲದಿಂದಲೇ ಅಳೆಯತಕ್ಕದ್ದೆಂದು ವಿಧಿ. ಕೋಲು ರೋಗಿಯ ಕೈಯಲ್ಲಿಯೇ ಇದೆ. ಸೊಂಟದ ಟಿ-ಅಂಕಕ್ಕೆ ಸಾಮಾನ್ಯವಾಗಿ ಬಳಸುವ ಕೋಲಾದರೋ ಅಮೆರಿಕದ ಇಪ್ಪತ್ತರಿಂದ ಇಪ್ಪತ್ತೊಂಬತ್ತು ವರ್ಷದೊಳಗಿನ ಬಿಳಿಯ ಸ್ತ್ರೀಯರ ಸರಾಸರಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೧೦ರಲ್ಲಿ ಈ ದೇಶದ ಸ್ತ್ರೀಪುರುಷರಿಗೆ ಅನ್ವಯಿಸುವ ಮಾನಕಗಳನ್ನು ಪ್ರಕಟಿಸಿದುದು ಈ ಅಸಮಂಜಸವನ್ನು ಮನಗಂಡೇ. ಕೋಲು ಬದಲಾದರೆ ಅದೇ ಮೂಳೆ, ಅದೇ ಚಿತ್ರ, ಬೇರೆ ರೋಗನಾಮ! ಆದುದರಿಂದ ಯಾರು ಅಳೆದರೂ ಒಂದೇ ಎಂಬ ಪೂರ್ವಪಕ್ಷದ ಮಾತು ಗ್ರಾಂ ಲೆಕ್ಕಕ್ಕೆ ಒಂದಿಷ್ಟು ಸಲ್ಲಬಹುದು, ನಿರ್ಣಯಕ್ಕೆ ಸಲ್ಲದು.

ಸ್ವಾಂಗುಲದ ನ್ಯಾಯವು ಇಂದಿನ ಪದ್ಧತಿಯಲ್ಲಿಯೂ ಒಂದು ಕಡೆ ಉಳಿದುಬಂದಿದೆ. ರೋಗಿಯನ್ನು ಅವನ ಹಿಂದಿನ ಅಳತೆಯೊಡನೆಯೇ ಹೋಲಿಸುವುದು ಅದು. ಅಲ್ಲಿಯೂ ಎಚ್ಚರಿಕೆ ಅಗತ್ಯ. ಒಂದೇ ದಿನ ಎರಡು ಬಾರಿ ಅಳೆದರೂ ಸಂಖ್ಯೆಗಳು ಸ್ವಲ್ಪ ಬೇರೆಯಾಗುತ್ತವೆ. ಈ ಸಹಜದೋಷದ ೨.೭೭ ಪಟ್ಟನ್ನು ಮೀರಿದ ವ್ಯತ್ಯಾಸವನ್ನು ಮಾತ್ರ ನಿಜವಾದ ಬದಲಾವಣೆಯೆಂದು ಎಣಿಸಬೇಕೆಂಬುದು ಅಂಗೀಕೃತವಾದ ನಿಯಮ. ದೋಷವು ೦.೦೧೦ ಗ್ರಾಂ ಆಗಿದ್ದರೆ ಸುಮಾರು ೦.೦೨೮ ಗ್ರಾಮಿಗೆ ಒಳಪಟ್ಟ ಏರಿಳಿತಕ್ಕೆ ಹಿಗ್ಗುವುದೂ ಕುಗ್ಗುವುದೂ ವ್ಯರ್ಥ.

ಹೀಗೆಂದ ಮಾತ್ರಕ್ಕೆ ಅಳತೆಯನ್ನು ತ್ಯಜಿಸಬೇಕೆಂಬುದು ಸಿದ್ಧಾಂತವಲ್ಲ. ವ್ಯಾಧಿಜ್ಞಾನಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಗಳೆಂಬ ಐದು ಸಾಧನಗಳನ್ನು ಪ್ರಾಚೀನರು ಹೇಳಿದರು. ಮೂಳೆ ಮುರಿಯುವವರೆಗೆ ಅಸ್ಥಿಸೌಷಿರ್ಯವು ನೋವಿಲ್ಲದೆ, ಸದ್ದಿಲ್ಲದೆ ಬೆಳೆಯುತ್ತದೆ. ಕಣ್ಣಿಗೂ ಕೈಗೂ ಸಿಕ್ಕದ ಆ ಪೂರ್ವರೂಪವನ್ನು ಗೋಚರಪಡಿಸಿದುದು ಚಿತ್ರಮಾಪನದ ಮಹೋಪಕಾರ. ದೋಷವಿರುವುದು ಪೂರ್ವರೂಪವೊಂದನ್ನೇ ವ್ಯಾಧಿಯೆಂದು ಕರೆಯುವುದರಲ್ಲಿ. ಉಪಶಯವನ್ನು ನೋಡದೆ ಲಿಂಗದ ಬದಲಾವಣೆಯನ್ನೇ ಗುಣವೆಂದು ಬಗೆದರೆ ಏನಾಗುವುದೆಂಬುದಕ್ಕೆ ಫ್ಲೋರೈಡೇ ಸಾಕ್ಷಿ.

ಆಧುನಿಕರೂ ಈ ಮಾರ್ಗಕ್ಕೆ ಬಂದಿರುವುದು ಸಂತೋಷದ ವಿಷಯ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ೨೦೦೮ರಲ್ಲಿ ಸಿದ್ಧವಾದ ಫ್ರಾಕ್ಸ್ ಎಂಬ ಗಣನಕ್ರಮದಲ್ಲಿ ವಯಸ್ಸು, ಹಿಂದಿನ ಮುರಿತ, ತಂದೆತಾಯಿಗಳ ಸೊಂಟಮುರಿತ, ಧೂಮಪಾನ, ಮದ್ಯಪಾನ, ಸ್ಟೀರಾಯ್ಡ್ ಔಷಧಗಳ ಸೇವನೆ, ಸಂಧಿವಾತ ಮೊದಲಾದವುಗಳ ಜೊತೆಯಲ್ಲಿ ಸಾಂದ್ರತೆಯೂ ಒಂದು ಲಿಂಗವಾಗಿ ಕುಳಿತಿದೆ. ಸಾಂದ್ರತೆಯಿಲ್ಲದೆಯೂ ಗಣನೆ ನಡೆಯುತ್ತದೆ. ೨೦೧೪ರಲ್ಲಿ ಅಮೆರಿಕದ ತಜ್ಞರ ಒಂದು ಕೂಟವು, ನಿಂತಲ್ಲಿಂದ ಬಿದ್ದಷ್ಟಕ್ಕೇ ಸೊಂಟ ಮುರಿದವರಿಗೆ ಸಂಖ್ಯೆಯೇನೇ ಇರಲಿ ಅಸ್ಥಿಸೌಷಿರ್ಯವಿದೆಯೆಂದೇ ನಿರ್ಣಯಿಸಬೇಕೆಂದು ಹೇಳಿತು. ಮುರಿದ ಮೂಳೆಯೆಂಬ ಪ್ರತ್ಯಕ್ಷದ ಮುಂದೆ ಸಂಖ್ಯೆಯಿಂದ ಹೊರಟ ಅನುಮಾನವು ನಿಲ್ಲಲಾರದಷ್ಟೆ.

ವೃದ್ಧೆಯೊಬ್ಬಳು ಹೊಸ್ತಿಲು ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾಳೆ. ಅಂಕವು ಋಣ ೨.೩ ಎಂದು ಕಾಗದದಲ್ಲಿದೆ; ರೋಗವಿಲ್ಲವೆಂದು ಹೇಳಿ ಮನೆಗೆ ಕಳುಹಿದರೆ, ಮುಂದಿನ ಬೀಳುವಿಕೆಯಲ್ಲಿ ಸೊಂಟವು ಮುರಿಯಬಹುದು. ಅವಳು ಹಿಂದೆ ಎಷ್ಟು ಸಲ ಬಿದ್ದಳು, ಕಣ್ಣು ಕಾಣುವುದೇ, ತಾಯಿಗೆ ಗೂನು ಬಂದಿತ್ತೇ, ಎತ್ತರ ಕುಗ್ಗಿದೆಯೇ ಎಂಬುದನ್ನು ಯಂತ್ರವು ಕೇಳುವುದಿಲ್ಲ. ಆಪ್ತವಾಕ್ಯ, ಪ್ರತ್ಯಕ್ಷ, ಅನುಮಾನಗಳೆಂಬ ಮೂರರಿಂದ ರೋಗವನ್ನು ತಿಳಿಯತಕ್ಕದ್ದೆಂದು ಚರಕನ ಮತ. ಸಂಖ್ಯೆಯು ಆ ಮೂರರಲ್ಲಿ ಒಂದಾದ ಅನುಮಾನಕ್ಕೆ ಒದಗುವ ಹೇತುಗಳಲ್ಲಿ ಒಂದು. ಆ ಸ್ಥಾನದಲ್ಲಿಟ್ಟರೆ ಅದು ಬಹೂಪಕಾರಿ. ಪರಿಮಾಣವು ಪರೀಕ್ಷಿತವಾದ ಮೇಲೆ ಪ್ರಮಾಣಕ್ಕೆ ಅಂಗವಾಗುವುದು. ಪರೀಕ್ಷೆಯಿಲ್ಲದೆ ತಾನೇ ಪ್ರಮಾಣವಾಗಲಾರದು.