ತೀರ್ಪುಗಾರರ ಭಿನ್ನಮತ

ಪುಣೆಯ ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆಯವರು ಕಾಲೇಜು ವಿದ್ಯಾರ್ಥಿಗಳಿಗಾಗಿ ೧೯೬೩ರಲ್ಲಿ ಆರಂಭಿಸಿದ ಏಕಾಂಕ ನಾಟಕ ಸ್ಪರ್ಧೆಯು ‘ಪುರುಷೋತ್ತಮ ಕರಂಡಕ’ವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ೨೦೨೨ರಲ್ಲಿ ಅದರ ಪರೀಕ್ಷಕರು, ಯಾವ ಏಕಾಂಕವೂ ಕರಂಡಕಕ್ಕೆ ತಕ್ಕ ಮಟ್ಟವನ್ನು ಮುಟ್ಟಿಲ್ಲವೆಂದು ನಿರ್ಣಯಿಸಿ, ಅದನ್ನು ಯಾರಿಗೂ ಕೊಡಲಿಲ್ಲ. ನಗರದ ರಂಗಪ್ರಿಯರಲ್ಲಿ ಈ ನಿರ್ಣಯವು ಎಬ್ಬಿಸಿದ ಚರ್ಚೆಯ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ: ಕಲೆಯನ್ನು ಅಳೆಯುವವರ ಅಳತೆಗೋಲು ಯಾವುದು? ಅಳೆಯುವವರ ಕೋಲುಗಳೇ ಒಂದಕ್ಕೊಂದು ಹೊಂದದಿದ್ದರೆ ತೀರ್ಪಿಗೆ ಬೆಲೆಯೇನು?

ಈ ಪ್ರಶ್ನೆ ನಮ್ಮ ಪೂರ್ವಿಕರಿಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯದಲ್ಲಿ, ಪ್ರಯೋಗದ ವಿಷಯವಾಗಿ ವಿವಾದವೆದ್ದಾಗ ನಿರ್ಣಯಿಸತಕ್ಕ ‘ಪ್ರಾಶ್ನಿಕ’ರ ವಿಚಾರ ಬರುತ್ತದೆ. ಯಜ್ಞದ ವಿಷಯಕ್ಕೆ ಯಜ್ಞವನ್ನು ಬಲ್ಲವನು, ಅಭಿನಯಕ್ಕೆ ನರ್ತಕ, ವೃತ್ತಗಳಿಗೆ ಛಂದೋಜ್ಞ, ಗೀತಕ್ಕೆ ಗಾಂಧರ್ವನಿಪುಣ—ಹೀಗೆ ಒಬ್ಬೊಬ್ಬನಿಗೆ ಒಂದೊಂದು ಕ್ಷೇತ್ರ. ಗೆದ್ದವನಿಗೆ ಪತಾಕೆ, ಇಬ್ಬರೂ ಸಮರಾದರೆ ಇಬ್ಬರಿಗೂ ಪತಾಕೆ. ಯಾರು ಯಾವುದನ್ನು ಅಳೆಯುತ್ತಿದ್ದಾರೆಂಬುದು ಇಲ್ಲಿ ಮೊದಲೇ ಸ್ಪಷ್ಟವಾಗಿರುವುದು ಗಮನಾರ್ಹ.

ಆಧುನಿಕ ಸಂಗೀತಸ್ಪರ್ಧೆಗಳಲ್ಲಿ ಈ ಸ್ಪಷ್ಟತೆ ಇಲ್ಲವಾದುದರ ಪರಿಣಾಮವನ್ನು ಪೋಲೆಂಡಿನ ವಾರ್ಸಾ ನಗರದ ಶೋಪ್ಯಾಂ ಪಿಯಾನೊ ಸ್ಪರ್ಧೆಯಲ್ಲಿ ಕಾಣಬಹುದು. ೧೯೨೭ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಎಲ್ಲರೂ ನುಡಿಸತಕ್ಕದ್ದು ಒಬ್ಬನೇ ವಾಗ್ಗೇಯಕಾರನ ಕೃತಿಗಳನ್ನು, ಸ್ವರಗಳೆಲ್ಲ ಲಿಖಿತ. ಆದ್ದರಿಂದ ವಿವಾದವೆಲ್ಲ ಆ ಲಿಖಿತವನ್ನು ಅರ್ಥೈಸುವ ಸ್ವಾತಂತ್ರ್ಯ ಎಷ್ಟೆಂಬುದರ ಮೇಲೆಯೇ ನಿಲ್ಲುತ್ತದೆ. ಕುಮಾರ ಗಂಧರ್ವರ ಗಾಯನವು ಘರಾನೆಯ ಚೌಕಟ್ಟನ್ನು ಮೀರಿತೆಂದು ಕೆಲವರು ಆಕ್ಷೇಪಿಸಿದುದನ್ನೂ, ಆ ಮೀರುವಿಕೆಯಲ್ಲಿಯೇ ಹಲವರು ಹೊಸ ಜೀವವನ್ನು ಕಂಡುದನ್ನೂ ಬಲ್ಲ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

೧೯೮೦ರ ಸ್ಪರ್ಧೆಯಲ್ಲಿ ಯುಗೊಸ್ಲಾವಿಯದ ತರುಣ ಇವೊ ಪೊಗೊರೆಲಿಚ್ ಅಂತಿಮ ಸುತ್ತಿಗೆ ಆಯ್ಕೆಯಾಗಲಿಲ್ಲ. ೧೯೬೫ರಲ್ಲಿ ಅದೇ ಸ್ಪರ್ಧೆಯನ್ನು ಗೆದ್ದಿದ್ದ ಮಾರ್ತಾ ಅರ್ಗೆರಿಚ್, ಆತನನ್ನು ಪ್ರತಿಭಾಶಾಲಿಯೆಂದು ಸಾರಿ ತೀರ್ಪುಗಾರರ ಮಂಡಲಿಯನ್ನೇ ತ್ಯಜಿಸಿದರು. ಅದಕ್ಕೂ ಮೊದಲು, ಪ್ರಥಮ ಸುತ್ತಿನ ಬಳಿಕವೇ, ಲೂಯಿ ಕೆಂಟ್ನರ್ ಎಂಬ ಹಿರಿಯರು ಇಂಥವನು ಮುಂದೆ ಹೋಗುವುದಾದರೆ ತಮ್ಮ ಸೌಂದರ್ಯದೃಷ್ಟಿಯೇ ಬೇರೆಯೆಂದು ಹೇಳಿ ಹೊರನಡೆದಿದ್ದರು. ಒಬ್ಬನೇ ವಾದಕ, ಅವನು ಮುಂದೆ ಹೋದನೆಂದು ಒಬ್ಬರ ರಾಜೀನಾಮೆ, ಹೋಗಲಿಲ್ಲವೆಂದು ಇನ್ನೊಬ್ಬರದು!

ಇಂಥ ಮಂಡಲಿಯ ಮತಗಳನ್ನು ಕೂಡಿಸಿದರೆ ಏನಾಗುತ್ತದೆ? ನಾಲ್ವರು ಪರೀಕ್ಷಕರು ೨೫ ಅಂಕಗಳಿಗೆ ಅಳೆಯುತ್ತಾರೆಂದು ಭಾವಿಸೋಣ. ಒಬ್ಬ ವಾದಕನಿಗೆ ಇಬ್ಬರು ೨೫ರಂತೆಯೂ ಇಬ್ಬರು ೫ರಂತೆಯೂ ಕೊಟ್ಟರೆ ಮೊತ್ತ ೬೦. ಮತ್ತೊಬ್ಬನಿಗೆ ನಾಲ್ವರೂ ೧೬ರಂತೆ ಕೊಟ್ಟರೆ ೬೪. ಯಾರ ಹೃದಯವನ್ನೂ ಕಲಕದವನು ಗೆದ್ದನು. ಇಬ್ಬರನ್ನು ಮೈಮರೆಸಿದವನು ಸೋತನು. ಲೆಕ್ಕದಲ್ಲಿ ತಪ್ಪಿಲ್ಲ. ಬೇರೆ ಬೇರೆ ನಾಣ್ಯಗಳನ್ನು ಒಂದೇ ನಾಣ್ಯವೆಂದು ಎಣಿಸಿದುದೇ ತಪ್ಪು.

ಹಾಗೆಂದು ಒಮ್ಮತದ ತೀರ್ಪೆಲ್ಲ ಸಪ್ಪೆಯೆಂದು ಹೇಳಿದರೆ ಅದು ಅನ್ಯಾಯ. ಆ ವರ್ಷ ಗೆದ್ದ ವಿಯೆಟ್ನಾಮಿನ ಡಾಂಗ್ ಥಾಯ್ ಸೋನ್ ಆ ಬಹುಮಾನವನ್ನು ಪಡೆದ ಮೊದಲ ಏಷ್ಯದವರು. ೨೦೨೧ರಲ್ಲಿ ಅವರ ಶಿಷ್ಯ ಬ್ರೂಸ್ ಲಿಯು ಅದೇ ಬಹುಮಾನವನ್ನು ಗಳಿಸಿದನು. ಭಿನ್ನಮತದ ಗದ್ದಲದಲ್ಲಿ ಗೆದ್ದವನ ಯೋಗ್ಯತೆ ಮರೆಯಾಗುವುದೂ ಒಂದು ಅಪಚಾರವೇ.

ಪ್ರಶ್ನೆ ಭಿನ್ನಮತವಿರಬೇಕೇ ಬೇಡವೇ ಎಂಬುದಲ್ಲ, ಅದು ಯಾವ ರೂಪದಲ್ಲಿರಬೇಕೆಂಬುದು. ೧೯೫೮ರ ಮಾಸ್ಕೋ ಸ್ಪರ್ಧೆಯಲ್ಲಿ ರಿಕ್ಟರ್ ಅಮೆರಿಕದ ವ್ಯಾನ್ ಕ್ಲೈಬರ್ನನಿಗೆ ಪೂರ್ಣ ಅಂಕಗಳನ್ನಿತ್ತು ಹಲವರಿಗೆ ಸೊನ್ನೆ ಹಾಕಿದರೆಂಬುದು ಪ್ರಸಿದ್ಧವಾದ ಮಾತು. ಮೆಚ್ಚುಗೆ ಸತ್ಯವಾಗಿರಬಹುದು, ಆದರೆ ಆ ಸೊನ್ನೆ ಅಳತೆಯಲ್ಲ, ಆಯುಧ. ಅರ್ಗೆರಿಚ್ ಅವರ ನಿರ್ಗಮನ ಧೀರವಾದುದಾದರೂ, ಉಳಿದ ಸ್ಪರ್ಧಾಳುಗಳು ಅವರ ಕಿವಿಯನ್ನು ಕಳೆದುಕೊಂಡರು. ೧೯೫೫ರಲ್ಲಿ ವಾರ್ಸಾದ ಪ್ರಥಮ ಬಹುಮಾನ ಹರಸೇವಿಚ್‌ಗೆ ಹೋದಾಗ, ಅದು ದ್ವಿತೀಯನಾದ ಅಷ್ಕೆನಾಜಿಗೆ ಸಲ್ಲಬೇಕಿತ್ತೆಂದು ನಂಬಿದ್ದ ಮಿಕೆಲಾಂಜೆಲಿ ನಿರ್ಣಯಪತ್ರಕ್ಕೆ ಸಹಿ ಹಾಕಲಿಲ್ಲ. ಕೊನೆಯವರೆಗೆ ಕೇಳಿ, ಮತವಿತ್ತು, ಒಪ್ಪದುದನ್ನು ಒಪ್ಪದೆ ಉಳಿದ ಈ ಮಾರ್ಗವೇ ಮೂರರಲ್ಲಿ ಮೇಲಾದುದೆನ್ನಬೇಕು. ಆದರೆ ಹಾಕದ ಸಹಿಯೂ ಕಾರಣವನ್ನು ಬರೆದಿಡುವುದಿಲ್ಲ.

ಅಂಕಗಳನ್ನು ಪ್ರಕಟಿಸಿದರೆ ಸಾಲದೆಂಬುದಕ್ಕೆ ೨೦೧೫ರ ವಾರ್ಸಾ ಸ್ಪರ್ಧೆ ಸಾಕ್ಷಿ. ಗೆದ್ದ ಸೋಂಗ್ ಜಿನ್ ಚೋನಿಗೆ ಅಂತಿಮ ಸುತ್ತಿನಲ್ಲಿ ಬಹುಮಂದಿ ೧೦ಕ್ಕೆ ೯ರ ಆಸುಪಾಸಿನಲ್ಲಿ ಕೊಟ್ಟಿರಲು, ಫಿಲಿಪ್ ಆಂತ್ರೆಮೋಂ ೧ನ್ನು ಮಾತ್ರ ಕೊಟ್ಟಿದ್ದರು. ಜಗತ್ತು ಆ ಒಂದನ್ನು ಕಂಡಿತು. ಆದರೆ ಅಂಕವೊಂದು ತಾನಾಗಿ ಕಾರಣವನ್ನು ಹೇಳಲಾರದು.

ನ್ಯಾಯಾಲಯದಲ್ಲಿ ಅಲ್ಪಮತದ ನ್ಯಾಯಾಧೀಶನು ತನ್ನ ಭಿನ್ನ ತೀರ್ಪನ್ನು ಕಾರಣಸಹಿತ ಬರೆಯುತ್ತಾನೆ. ಅದರಿಂದ ಬಹುಮತದ ತೀರ್ಪು ಬಿದ್ದುಹೋಗುವುದಿಲ್ಲ. ಮುಂದಿನವರಿಗೆ ವಿಚಾರದ ದಾರಿ ತೆರೆದಿರುತ್ತದೆ. ಕಲೆಯ ತೀರ್ಪಿಗೂ ಈ ಪದ್ಧತಿ ಸಲ್ಲತಕ್ಕದ್ದು. ಪುಣೆಯಲ್ಲಾಗಲಿ ವಾರ್ಸಾದಲ್ಲಾಗಲಿ, ಬರಿಗೈಯಲ್ಲಿ ಮನೆಗೆ ಮರಳುವ ಇಪ್ಪತ್ತರ ಹರೆಯದವರಿಗೆ ಪಾರಿತೋಷಕಕ್ಕಿಂತ ಹೆಚ್ಚಾಗಿ ಬೇಕಾದದ್ದು, ತಮ್ಮನ್ನು ಕೇಳಿದವರು ಏನನ್ನು ಕೇಳಿದರು, ಏನನ್ನು ಬಯಸಿದರು ಎಂಬ ನಾಲ್ಕು ಮಾತು. ಅದನ್ನು ಬರೆಯಲಾರದವರು ಅಳೆಯುವ ಪೀಠದಲ್ಲಿ ಕುಳಿತುಕೊಳ್ಳದಿರುವುದೇ ಲೇಸು.