ಅಡುಗೆಮನೆಯ ದೀನತೆ: ಒಂದು ಮರುಓದು

ದೀನತೆಯನ್ನು ಕುರಿತ ಕ್ರೈಸ್ತ ಕೃತಿಗಳಲ್ಲಿ ‘ದೈವಸಾನ್ನಿಧ್ಯದ ಅಭ್ಯಾಸ’ ಎಂಬ ಕಿರುಹೊತ್ತಗೆಗೆ ವಿಶಿಷ್ಟ ಸ್ಥಾನವಿದೆ. ಪ್ಯಾರಿಸ್ಸಿನ ಕಾರ್ಮೆಲ್ ಮಠದ ಸಹೋದರ ಲಾರೆನ್ಸರು 1691ರಲ್ಲಿ ನಿಧನರಾದ ಬಳಿಕ, ಅವರ ಪತ್ರಗಳನ್ನೂ ಅವರೊಡನೆ ತಾವು ನಡೆಸಿದ ಸಂಭಾಷಣೆಗಳನ್ನೂ ಜೋಸೆಫ್ ದ ಬೋಫೋರ್ ಎಂಬ ಗುರುಗಳು ಸಂಗ್ರಹಿಸಿ ಪ್ರಕಟಿಸಿದರು.

ಕೃತಿಯ ಬಲವಿರುವುದು ಅದರ ಪ್ರಾಮಾಣಿಕತೆಯಲ್ಲಿ. ಯುದ್ಧದಲ್ಲಿ ಗಾಯಗೊಂಡಿದ್ದ ಮಾಜಿ ಸೈನಿಕ ಲಾರೆನ್ಸರಿಗೆ ಅಡುಗೆಯ ಕೆಲಸ ಸ್ವಭಾವತಃ ಒಗ್ಗದು. ಆದರೂ ಸುಮಾರು 15 ವರ್ಷ ಅದನ್ನೇ ಮಾಡಿದರು. ಅನಂತರ ಪಾದರಕ್ಷೆ ಹೊಲಿದರು. ಇಷ್ಟವಿಲ್ಲದ ಕೆಲಸವನ್ನೂ ಪ್ರೀತಿಯಿಂದ ಮಾಡಬಹುದೆಂಬ ಮಾತು ಅವರ ಬಾಯಲ್ಲಿ ಬರಿಯ ಉಪದೇಶವಾಗಿ ಕೇಳಿಸುವುದಿಲ್ಲ.

ಕೃತಿಗೊಂದು ಮಿತಿಯೂ ಇದೆ. ಮಠವಾಸಿಗೆ ಕೂಲಿಯ ಚಿಂತೆಯಿಲ್ಲ, ಸಂಸಾರದ ಹೊರೆಯಿಲ್ಲ. ಮನೆಗೆಲಸದಾಕೆಗೆ, ಆಸ್ಪತ್ರೆಯ ಆಯಾಗೆ, ಗುತ್ತಿಗೆಯ ಪೌರಕಾರ್ಮಿಕನಿಗೆ ಇವೆರಡೂ ಇವೆ. ಅವರ ಕೈಗೆ ಈ ಪುಸ್ತಕವನ್ನಿತ್ತು ‘ತಾಳ್ಮೆಯಿಂದಿರಿ’ ಎಂದರೆ ದೀನತೆಯ ಹೆಸರಿನಲ್ಲಿ ಅನ್ಯಾಯವನ್ನು ಮುಚ್ಚಿಟ್ಟಂತಾದೀತು. ಲಾರೆನ್ಸರು ದೀನತೆಯನ್ನು ತಾವಾಗಿ ಆರಿಸಿಕೊಂಡರು; ಯಾರೂ ಅವರ ಮೇಲೆ ಹೇರಿದ್ದಲ್ಲ.

ಆದ್ದರಿಂದ ಈ ಕೃತಿಯನ್ನು ಸಂತ ಯೊವಾನ್ನರ ಶುಭಸಂದೇಶದ 13ನೆಯ ಅಧ್ಯಾಯದೊಡನೆ ಇಟ್ಟು ಓದಬೇಕು. ಅಲ್ಲಿ ನಡುವಿಗೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಪಾದ ತೊಳೆದವರು ಸ್ವತಃ ಗುರುವೇ. ಹಾಗಾದರೆ ಲಾರೆನ್ಸರನ್ನು ಮೊದಲು ಓದಬೇಕಾದವರು ಕೆಲಸ ಮಾಡಿಸಿಕೊಳ್ಳುವವರು: ಮೇಲಧಿಕಾರಿಗಳು, ಮನೆಯೊಡೆಯರು, ಧರ್ಮಕೇಂದ್ರದ ಗುರುಗಳಾದ ನಾವು. ಸಕಾಲಕ್ಕೆ ನ್ಯಾಯವಾದ ಸಂಬಳ ಕೊಡುವುದು, ಕೆಲಸದವರನ್ನು ಬಹುವಚನದಿಂದ ಮಾತನಾಡಿಸುವುದು, ಅವರು ಉಂಡರೇ ಎಂದು ವಿಚಾರಿಸುವುದು ಕೂಡ ಪಾದ ತೊಳೆಯುವ ಸೇವೆಯೇ. ಪವಿತ್ರ ಗುರುವಾರದ ವಿಧಿ ವರ್ಷಕ್ಕೊಮ್ಮೆ ಬರುತ್ತದೆ. ಅದರ ಅರ್ಥವನ್ನು ಉಳಿದ ದಿನಗಳಲ್ಲಿ ನಾವೇ ಬಾಳಿ ತೋರಿಸಬೇಕು.