ಬಾಗಿಲು ತೆರೆದಿರಲಿ, ಬಾಕಿ ಬೇಡ

ಈ ವಾರ ಸಿನಿಮಾಗಳ ಎರಡನೇ ಭಾಗಗಳ ಲೆಕ್ಕ ತೆಗೆಯಬೇಕೆಂದು ಕೂತೆ. ಕುಶಾಲನಗರದ ಕಡೆಯಿಂದ ಸಿನಿಮಾ ನೋಡಿ ಶಿರಂಗಾಲಕ್ಕೆ ಮರಳುವ ನಮ್ಮೂರ ಹುಡುಗರು ಚಿತ್ರ ಹೇಗಿತ್ತೆಂದು ಹೇಳುವ ಮೊದಲೇ ‘ಮುಂದಿನ ಭಾಗ ಯಾವಾಗ ಬರುತ್ತೋ’ ಅನ್ನುತ್ತಾರೆ. ಈ ಚಟ ಹತ್ತಿಸಿದವರು ಚಿತ್ರ ಮಾಡುವವರೇ.

‘ಸಪ್ತ ಸಾಗರದಾಚೆ ಎಲ್ಲೋ’ ಬಗ್ಗೆ ನನ್ನ ತಕರಾರಿಲ್ಲ. ಕಥೆ ಎರಡು ಕಂತಿನದೆಂದು ಮೊದಲೇ ಹೇಳಿ, 2023ರ ಸೆಪ್ಟೆಂಬರ್ 1ಕ್ಕೆ ಒಂದನ್ನೂ ನವೆಂಬರ್ 17ಕ್ಕೆ ಇನ್ನೊಂದನ್ನೂ ಕೊಟ್ಟರು. 2022ರ ‘ಕಾಂತಾರ’ದಲ್ಲಿ ಶಿವ ಕಾಡಿನಲ್ಲಿ ಮರೆಯಾದಾಗ ಕಥೆ ತುಂಬಿಬಂದಿತ್ತು, 2025ರಲ್ಲಿ ಬಂದದ್ದು ಕದಂಬರ ಕಾಲದ ಹಿಂದಿನ ಕಥೆ. ನನ್ನ ಜಗಳ ಕೊನೆಯಲ್ಲಿ ಬಾಲಂಗೋಚಿ ಅಂಟಿಸುವವರ ಜತೆ. ‘ಕೆಜಿಎಫ್ 2’ರಲ್ಲಿ ರಾಕಿ ಚಿನ್ನದ ಸಮೇತ ಸಮುದ್ರದ ಪಾಲಾದ. ಅದರ ಹಿಂದೆಯೇ ಮೂರನೇ ಅಧ್ಯಾಯದ ಹಸ್ತಪ್ರತಿ ತೋರಿಸಿದರೆ ಆ ಮುಕ್ತಾಯಕ್ಕೆ ಏನು ಬೆಲೆ ಉಳಿಯಿತು?

ಸಿನಿಮಾ ಅಲ್ಲಿಗಿರಲಿ. ಇದನ್ನು ಬರೆಯುವಾಗ ತೇಜಸ್ವಿಯವರ ‘ಕರ್ವಾಲೊ’ ಮತ್ತೆ ಕೈಗೆ ಬಂತು. ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕ್ಯಾಮೆರಾದ ಪ್ರಭಾಕರ, ವಿಜ್ಞಾನಿ ಕರ್ವಾಲೊ ಎಲ್ಲರೂ ಒಂದು ಹಾರುವ ಓತಿಯ ಬೆನ್ನು ಹತ್ತಿ ಕಾಡು ಅಲೆಯುತ್ತಾರೆ. ಕೊನೆಗೆ ಅದು ಕಣ್ಣಿಗೆ ಬೀಳುತ್ತದೆ. ಇನ್ನೇನು ಸಿಕ್ಕಿತು ಅನ್ನುವಾಗ ಪ್ರಪಾತದ ಅಂಚಿನಿಂದ ಗಾಳಿಗೆ ಜಿಗಿದು ತೇಲಿಹೋಗುತ್ತದೆ. ಓತಿ ಬದುಕಿದೆ, ಹುಡುಕುವವರೂ ಬದುಕಿದ್ದಾರೆ. ಮುಂದಿನ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೇನು ಬೇಕು? ಕಾದಂಬರಿ ಬಂದದ್ದು 1980ರಲ್ಲಿ, ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ನಡುವೆ ಎರಡನೇ ‘ಕರ್ವಾಲೊ’ ಬರಲಿಲ್ಲ. ಓತಿ ಕೈತಪ್ಪಿದರೂ ಓದುಗನಿಗೆ ಕಾಡು ದಕ್ಕಿತ್ತು, ಮಂದಣ್ಣನೆಂಥವನೆಂದು ಗೊತ್ತಾಗಿತ್ತು. ಕಥೆಯ ಕೆಲಸ ಆಗಿತ್ತು.

ಕುಮಾರವ್ಯಾಸನೂ 18 ಪರ್ವಗಳಲ್ಲಿ 10ನ್ನು ಹೇಳಿ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಹಾಗೆಂದು ಗಮಕ ಕೇಳಿ ಎದ್ದವರು ಗದುಗಿನ ಭಾರತ ಅರ್ಧವಾಯಿತೆಂದು ದೂರುವುದಿಲ್ಲ. ಧರ್ಮರಾಯನ ಪಟ್ಟಾಭಿಷೇಕದ ಹೊತ್ತಿಗೆ ಅವರ ಮನಸ್ಸು ತುಂಬಿರುತ್ತದೆ.

ಬಾಗಿಲು ತೆರೆದಿಡುವುದು ಕಥೆಗಾರನ ಹಕ್ಕು. ಆದರೆ ಮುಂದಿನ ಭಾಗ ಎಂದೂ ಬಾರದಿದ್ದರೂ ಈ ಭಾಗ ತನ್ನ ಕಾಲ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಅದು ಮುಕ್ತಾಯವಲ್ಲ, ಜಾಹೀರಾತು. ಕಥೆ ಕಟ್ಟುವ ಹೊಸಬರು ದಯವಿಟ್ಟು ‘ಕರ್ವಾಲೊ’ದ ಕೊನೆಯ ಪುಟಗಳನ್ನು ಮತ್ತೊಮ್ಮೆ ಓದಿ, ಆಮೇಲೆ ಎರಡನೇ ಭಾಗ ಘೋಷಿಸಿ.